ಕೂಲೆಂಟ್‌ಗೆ ಬೆರೆಸುವ ನೀರು ಯಾವುದು?

ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಎಪಿಎಂಸಿಯಿಂದ ಲೋಡ್ ಹಾಕಿಕೊಂಡು ಹೊರಟ ಲಾರಿಗಳು ನಮ್ಮ ಗ್ಯಾರೇಜಿನ ಮುಂದೆ ನಿಂತು, ರೇಡಿಯೇಟರಿಗೆ ಒಂದು ಬಕೆಟ್ ನೀರು ಕೇಳುವುದುಂಟು. ಕುಡಿಯುವುದಕ್ಕೆ ಕ್ಯಾನ್ ನೀರು ಎಷ್ಟಾದರೂ ಕೊಡುತ್ತೇನೆ. ರೇಡಿಯೇಟರಿಗೆ ನಮ್ಮ ಬೋರ್‌ವೆಲ್ ನೀರನ್ನು ಮಾತ್ರ ಕೊಡುವುದಿಲ್ಲ. "ನೀರಿಗೂ ಇಲ್ಲ ಅಂದರೆ ಹೇಗೆ ಅಣ್ಣಾ?" ಎಂದು ಮುಖ ಸಣ್ಣದು ಮಾಡಿಕೊಂಡ ಡ್ರೈವರುಗಳಿದ್ದಾರೆ. ರಾತ್ರಿಯಿಡೀ ಓಡಿಸಬೇಕಾದವರ ಅವಸರ ನನಗೆ ಅರ್ಥವಾಗುತ್ತದೆ, ಆದರೂ ಮನಸ್ಸು ಒಪ್ಪುವುದಿಲ್ಲ.

ಎಂಜಿನ್ ತಣಿಸಲು ರೇಡಿಯೇಟರಿಗೆ ನೀರಿನೊಂದಿಗೆ ಬೆರೆಸಿ ಹಾಕುವ ದ್ರವವೇ ಕೂಲೆಂಟ್. ಅದಕ್ಕಿರುವ ಆಂಟಿಫ್ರೀಜ್ ಎಂಬ ಹೆಸರು ಕೇಳಿ, ಇದು ಹಿಮ ಬೀಳುವ ಊರಿನವರಿಗೆ ಬೇಕಾದ ವಸ್ತು ಎಂದು ನಮ್ಮವರು ಭಾವಿಸುತ್ತಾರೆ. ಅದರ ಮೂಲವಸ್ತುವಾದ ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪಾಲು ಬೆರೆಸಿದಾಗ ಅದು ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲವೆಂಬುದು ನಿಜ; ಆದರೆ ನಮಗೆ ಮುಖ್ಯವಾದದ್ದು ಕೂಲೆಂಟಿನಲ್ಲಿರುವ ತುಕ್ಕುನಿರೋಧಕಗಳು. ಭಾರೀ ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಲೈನರಿನ, ಅಂದರೆ ಪಿಸ್ಟನ್ ಓಡಾಡುವ ಲೋಹದ ಕೊಳವೆಯ, ಹೊರಮೈಗೇ ಕೂಲೆಂಟ್ ತಾಗಿರುತ್ತದೆ. ಒಳಗೆ ಡೀಸೆಲ್ ಉರಿದಾಗಲೆಲ್ಲ ಲೈನರ್ ಅದುರಿ, ಹೊರಮೈಯಲ್ಲಿ ಸಣ್ಣ ಆವಿಗುಳ್ಳೆಗಳೆದ್ದು ಒಡೆಯುತ್ತವೆ. ಒಡೆಯುವ ಪ್ರತಿ ಗುಳ್ಳೆಯೂ ಲೋಹವನ್ನು ಕೊರೆಯುತ್ತದೆ. ನೈಟ್ರೈಟಿನಂಥ ರಾಸಾಯನಿಕಗಳು ಅಲ್ಲಿ ಕಾಪುಪದರ ಕಟ್ಟುತ್ತವೆ, ಬರೀ ನೀರು ಕಟ್ಟುವುದಿಲ್ಲ.

ಮುಳಬಾಗಿಲು ಕಡೆಯ ಲಾರಿಯೊಂದು ಬಂದಾಗ ಅದರ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು, ಅಂದರೆ ರೇಡಿಯೇಟರಿನ ನೀರು ಆಯಿಲಿಗೆ ಸೇರಿತ್ತು. ಲೈನರ್ ಬಿಚ್ಚಿ ಹೊರಮೈಯ ಬಿಳಿ ಹಕ್ಕಳೆ ಕೆರೆದರೆ, ಒಂದೇ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಗುಂಡುಸೂಜಿ ತಲೆಯಷ್ಟು ಗುಳಿಗಳ ಸಾಲು. ಒಳಗಿನಿಂದ ಟಾರ್ಚ್ ಹಿಡಿದಾಗ ಒಂದು ಗುಳಿಯಿಂದ ಬೆಳಕು ಹೊರಬಂತು. "ಕೂಲೆಂಟ್ ಹಾಕಿಸಿದ್ದೆನಲ್ಲ ಸಾರ್" ಎಂದರು ಮಾಲೀಕರು. ಹಾಕಿಸಿದ್ದು ಹೌದು, ಒಂದು ಲೀಟರ್. ಮಿಕ್ಕದ್ದೆಲ್ಲ ತೋಟದ ಬೋರ್ ನೀರು. ಸಾಲ ಮಾಡಿ ಲಾರಿ ಕೊಂಡಿದ್ದವರ ಮುಂದೆ ಎಂಜಿನ್ ಕೆಲಸದ ಲೆಕ್ಕ ಹೇಳುವುದು ಕಷ್ಟವಾಯಿತು.

ಆದ್ದರಿಂದ ಈ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ: ಕೂಲೆಂಟ್ ಎಷ್ಟೇ ಒಳ್ಳೆಯದಾದರೂ ಅದರ ಅರ್ಧ ಭಾಗ ನೀರೇ, ಆ ನೀರು ಕೆಟ್ಟದಾದರೆ ಉಳಿದರ್ಧ ವ್ಯರ್ಥ. ಆಳದ ಬೋರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಸಿಗೆ ಗಟ್ಟಿಯಾಗಿ, ನಮ್ಮ ಮನೆಯ ಹಂಡೆಯೊಳಗೆ ಕಟ್ಟುವ ಹಾಗೆಯೇ ಲೈನರಿಗೂ ಹಕ್ಕಳೆ ಕಟ್ಟುತ್ತವೆ. ಆ ಹಕ್ಕಳೆ ಶಾಖವನ್ನು ಹೊರಬಿಡುವುದಿಲ್ಲ. ಬೆರೆಸಲು ಡಿಸ್ಟಿಲ್ಡ್ ವಾಟರ್ ಅಥವಾ ಲವಣ ತೆಗೆದ ನೀರೇ ಆಗಬೇಕು. ಊರಿನ ಶುದ್ಧ ನೀರಿನ ಘಟಕದ್ದು ಬೋರ್ ನೀರಿಗಿಂತ ಮೇಲಾದರೂ ಅದನ್ನು ದಾರಿಯಲ್ಲಿ ತುರ್ತಿಗೆ ಮಾತ್ರ ಬಳಸಿರಿ.

ನೀರು ಬೆರೆಸಿಯೇ ಮಾರುವ ರೆಡಿಮಿಕ್ಸ್‌ಗೆ ಮತ್ತೆ ನೀರು ಸೇರಿಸಬಾರದು. ಇಲ್ಲೊಂದು ಲೆಕ್ಕ ತಪ್ಪುತ್ತದೆ. 24 ಲೀಟರ್ ಹಿಡಿಯುವ ಎಂಜಿನ್ನನ್ನು ತೊಳೆದು ಬಸಿದ ಮೇಲೂ ಬ್ಲಾಕಿನೊಳಗೆ 6 ಲೀಟರ್ ನೀರು ಉಳಿದಿದೆ ಎನ್ನೋಣ. ಮಿಕ್ಕ 18 ಲೀಟರಿಗೆ ಅರ್ಧಕ್ಕರ್ಧದ ರೆಡಿಮಿಕ್ಸ್ ತುಂಬಿದರೆ ಮೂಲ ಕೂಲೆಂಟ್ 9 ಲೀಟರ್ ಮಾತ್ರ, ಅಂದರೆ ಶೇ 37.5. ಅಂಥಲ್ಲಿ ಮೊದಲು 12 ಲೀಟರ್ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲೆಂಟ್) ಸುರಿದು, ಮೇಲೆ 6 ಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಕೊನೆಯ ಸಲ ತೊಳೆಯುವ ನೀರೂ ಒಳಗೇ ಉಳಿಯುವುದರಿಂದ, ಅದೂ ಡಿಸ್ಟಿಲ್ಡ್ ಆಗಿರಬೇಕು.

ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಬರೀ ಡೈ. ಎಂಜಿನ್ ಕಂಪನಿಯ ಪುಸ್ತಕದಲ್ಲಿ ಯಾವ ಜಾತಿಯದೆಂದು ಬರೆದಿದೆಯೋ ಅದನ್ನೇ ಹಾಕಿಸಿ. ಎರಡು ಜಾತಿ ಬೆರೆತರೆ ರಕ್ಷಣೆ ಕುಗ್ಗುತ್ತದೆ, ಕೆಲವೊಮ್ಮೆ ಲೋಳೆಯೂ ಕಟ್ಟಬಹುದು. ಹಾಕಿದ ಕೂಲೆಂಟಿನ ಹೆಸರು, ತಾರೀಕುಗಳನ್ನು ನಾನು ಕೂಲೆಂಟ್ ಟ್ಯಾಂಕಿನ ಮೇಲೆ ಪೇಂಟಿನಲ್ಲಿ ಬರೆದು, ಅದೇ ಮಿಶ್ರಣದ 5 ಲೀಟರ್ ಕ್ಯಾನೊಂದನ್ನು ಡ್ರೈವರ್ ಸೀಟಿನ ಹಿಂದೆ ಕಟ್ಟಿ ಕಳುಹಿಸುತ್ತೇನೆ. ಮಟ್ಟ ಇಳಿದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಆ ಕ್ಯಾನಿನಿಂದಲೇ ತುಂಬಿಸಿ. ಪದೇ ಪದೇ ಇಳಿಯುತ್ತಿದ್ದರೆ ಸೋರಿಕೆ ಎಲ್ಲಿದೆಯೆಂದು ನೋಡಿಸಿ.