ಸೆಲ್ಫ್ ಬದಲಾಯಿಸುವ ಮೊದಲು ಪೇಂಟ್ ಕೆರೆಯಿರಿ

ಇಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಿದ್ದ ಮಾರುತಿ 800 ಒಂದನ್ನು ಹಗ್ಗ ಕಟ್ಟಿ ಎಳೆದುಕೊಂಡು ನನ್ನ ಗ್ಯಾರೇಜಿಗೆ ತಂದರು. ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’, ಅಷ್ಟೇ. ‘ಹೊಸ ಇಂಜಿನ್ ಅಲ್ವಾ, ಟೈಟ್ ಇರುತ್ತೆ’ ಅಂದಿದ್ದರಂತೆ ಕೆಲಸ ಮಾಡಿದವರು. ಬ್ಯಾಟರಿ ಬದಲಾಯಿಸಿದರು, ಟಕ್. ಇಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರನ್ನೇ ಹೊಸದು ಹಾಕಿದರು, ಮತ್ತೆ ಟಕ್.

ಹುಡುಗನಿಗೆ ನಾಲ್ಕೈದು ಸಲ ಕೀ ತಿರುಗಿಸಲು ಹೇಳಿ, ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡಿದೆ. ಬೆಚ್ಚಗಾಗಿತ್ತು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಸೆಲ್ಫ್ ಮೋಟಾರಿಗೆ ಬರುವ ದಪ್ಪ ವೈರ್ ಒಂದೇ, ಪಾಸಿಟಿವ್. ನೆಗೆಟಿವ್‌ಗೆ ಅದರ ಮೈಯೇ ದಾರಿ. ಮೈಯಿಂದ ಗೇರ್‌ಬಾಕ್ಸ್, ಇಂಜಿನ್, ಅಲ್ಲಿಂದ ಅರ್ತ್ ಪಟ್ಟಿ ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ಹೋಗಬೇಕು. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಹಾಗಾಗಿ ಅರ್ತ್ ಸರಿಯಿಲ್ಲದಿದ್ದರೆ ಕರೆಂಟ್ ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಯಾವುದಾದರೂ ಸರಿ. ಕೇಬಲ್ ಹೊಗೆಯಾಡಿದ್ದನ್ನೂ ನೋಡಿದ್ದೇನೆ.

ಈ ಕಾರಿನಲ್ಲಿ ಅರ್ತ್ ಪಟ್ಟಿ ಇತ್ತು, ಬೋಲ್ಟೂ ಬಿಗಿಯಾಗಿತ್ತು. ಆದರೆ ಇಂಜಿನ್ ಮಿರಮಿರ ಹೊಳೆಯಲಿ ಅಂತ ಎಲ್ಲದಕ್ಕೂ ಸಿಲ್ವರ್ ಪೇಂಟ್ ಹೊಡೆದಿದ್ದರು. ಪಟ್ಟಿ ಕೂರುವ ಜಾಗಕ್ಕೂ, ಸೆಲ್ಫ್ ಕೂರುವ ಮುಖಕ್ಕೂ. ನಡುವೆ ಪೇಂಟ್ ಇದ್ದರೆ ಕರೆಂಟ್ ಸರಿಯಾಗಿ ದಾಟುವುದಿಲ್ಲ. ಈ ಪೇಂಟ್ ಹುಚ್ಚು ನನಗಂತೂ ಅರ್ಥವಾಗಿಲ್ಲ.

ಟೆಸ್ಟ್ ಲ್ಯಾಂಪ್ ಇಟ್ಟು ನೋಡಿದವರು ಮೋಸಹೋಗುವುದು ಇಲ್ಲೇ. ಬಲ್ಬಿಗೆ ಅರ್ಧ ಆಂಪಿಯರೂ ಸಾಕು, ಚೆನ್ನಾಗಿಯೇ ಉರಿಯುತ್ತದೆ. ಸೆಲ್ಫ್‌ಗೆ ಚಿಕ್ಕ ಕಾರಿನಲ್ಲೂ ನೂರರ ಆಸುಪಾಸು ಆಂಪಿಯರ್ ಬೇಕು. ದಾರಿಯಲ್ಲಿ 0.01 ಓಮ್ ಅಡ್ಡಿ ಇದ್ದರೆ 100 ಆಂಪಿಯರಿಗೆ 1 ವೋಲ್ಟ್ ಅಲ್ಲೇ ಹೋಯಿತು. 0.05 ಓಮ್ ಅಂದರೆ ಸೆಲ್ಫ್ ಪಾಡು ಮುಗಿದ ಹಾಗೆ.

ಅದಕ್ಕೇ ವೋಲ್ಟ್ ಮೀಟರನ್ನು ಲೋಡ್ ಇರುವಾಗ, ಅಂದರೆ ಸೆಲ್ಫ್ ಹೊಡೆಯುವಾಗ ಇಡಬೇಕು. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕ್ಲ್ಯಾಂಪಿನ ಮೇಲಲ್ಲ. ಕೆಂಪು ಕಡ್ಡಿ ಸೆಲ್ಫ್ ಮೈಯ ಬರಿ ಲೋಹದ ಮೇಲೆ. ಈಗ ಕೀ ತಿರುಗಿಸಿ. 0.2 ವೋಲ್ಟ್ ಒಳಗಿದ್ದರೆ ಅರ್ತ್ ಸರಿಯಿದೆ. ಈ ಕಾರಿನಲ್ಲಿ 4 ದಾಟಿತ್ತು! ಪಾಸಿಟಿವ್ ಕಡೆಯೂ ಹೀಗೇ ನೋಡಿ, ಅಲ್ಲಿ 0.5 ದಾಟಬಾರದು. ಮೀಟರ್ ಇಲ್ವಾ? ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ. ಸೆಲ್ಫ್ ಹೊಡೆದರೆ ತಪ್ಪು ಅರ್ತ್ ಪಟ್ಟಿಯದ್ದು. ಹೊಡೆಯದಿದ್ದರೆ ಅದೇ ತುದಿಯನ್ನು ಸೆಲ್ಫ್ ಮೈಗೇ ಹಿಡಿಸಿ ನೋಡಿ.

‘ಟೈಟ್’ ಅನ್ನುವುದು ಪೂರ್ತಿ ಸುಳ್ಳಲ್ಲ, ಹೊಸ ರಿಂಗ್ ಸ್ವಲ್ಪ ಬಿಗಿ ಇರುತ್ತದೆ. ಆದರೆ ಅದನ್ನು ಸುಮ್ನೆ ನಂಬಬೇಡಿ. ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಭಾರ ಒಂದೇ ಸಮ ಇದ್ದರೆ ಚಿಂತೆಯಿಲ್ಲ. ಒಂದು ಕಡೆ ಗಕ್ಕನೆ ನಿಂತರೆ ಬೇರಿಂಗ್ ಕ್ಯಾಪ್ ಅದಲುಬದಲಾಗಿರಬಹುದು, ಟೈಮಿಂಗ್ ತಪ್ಪಿರಬಹುದು. ಆಗ ಬಲವಂತ ಮಾಡಬೇಡಿ, ಇಂಜಿನ್ ಮತ್ತೆ ಬಿಚ್ಚಿಸಿ. ಸಿಲಿಂಡರಿಗೆ ನೀರು ಇಳಿದಿದ್ದರೆ ಪ್ಲಗ್ ತೂತಿನಿಂದ ಚಿಮ್ಮುತ್ತದೆ. ಹಾಗೆ ನೀರು ಇರುವಾಗ ಪ್ಲಗ್ ಬಿಚ್ಚದೆ ತಳ್ಳಿ ಸ್ಟಾರ್ಟ್ ಮಾಡಲು ಹೋದರೆ ಕನೆಕ್ಟಿಂಗ್ ರಾಡ್ ಬಾಗಬಹುದು.

ಶಬ್ದವೂ ಸುಳಿವು ಕೊಡುತ್ತದೆ. ‘ಟಕಟಕಟಕ’ ಅಂದರೆ ಜಾಸ್ತಿ ಸಲ ಬ್ಯಾಟರಿ ಇಳಿದಿರುತ್ತದೆ ಇಲ್ಲವೇ ಟರ್ಮಿನಲ್ ಸಡಿಲ. ಫುಲ್ ಚಾರ್ಜ್ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಶಬ್ದವೇ ಇಲ್ಲ ಅಂದರೆ ಸೊಲೆನಾಯ್ಡಿನ (ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್ಚು) ಸಣ್ಣ ವೈರ್ ಸಿಕ್ಕಿಸಲು ಮರೆತಿದ್ದಾರಾ ನೋಡಿ. ನಗಬೇಡಿ, ನಾನೂ ಮರೆತಿದ್ದೇನೆ. ಮೋಟಾರ್ ಗರ್ರನೆ ತಿರುಗುತ್ತದೆ, ಇಂಜಿನ್ ಅಲ್ಲಾಡುವುದಿಲ್ಲ ಅಂದರೆ ಬೆಂಡಿಕ್ಸ್ (ಸೆಲ್ಫ್ ಮೋಟಾರಿನ ಚಿಕ್ಕ ಹಲ್ಲಿನ ಚಕ್ರದ ಭಾಗ) ಅಥವಾ ಅದು ಕಚ್ಚಿಕೊಳ್ಳುವ ಫ್ಲೈವೀಲಿನ ರಿಂಗ್ ಗೇರ್ ನೋಡಬೇಕು.

ಇನ್ನೊಂದು ಮಾತು. ಮೊದಲ ಸ್ಟಾರ್ಟಿಗೆ ಒಂದೇ ಸಮನೆ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಹತ್ತು ಸೆಕೆಂಡ್ ಹೊಡೆದು ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಚೆನ್ನಾಗಿದ್ದ ಮೋಟಾರೂ ಒಳಗೇ ಸುಡುತ್ತದೆ.

ಮಾರುತಿಯಲ್ಲಿ ಎರಡೂ ಜಾಗದ ಪೇಂಟ್ ಕೆರೆದು, ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿದೆವು. ಮೀಟರ್ 0.1ಕ್ಕೆ ಇಳಿಯಿತು. ಮೂರನೇ ಸಲಕ್ಕೆ ಇಂಜಿನ್ ಹತ್ತಿಕೊಂಡಿತು. ಡಿಕ್ಕಿಯಲ್ಲಿ ಪೇಪರ್ ಸುತ್ತಿಟ್ಟಿದ್ದ ಹಳೆಯ ಸೆಲ್ಫನ್ನೂ ಬೆಂಚಿಗೆ ಹಾಕಿ ನೋಡಿದೆ. ಚೆನ್ನಾಗಿಯೇ ತಿರುಗಿತು. ಹೊಸದನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲವಂತೆ.