ಹಳೆ ಚಿಪ್‌ಗೆ 15 ಮಿಲಿಸೆಕೆಂಡ್ ಬಿಡುವು

ಆಫೀಸುಗಳು ಬೇಡವೆಂದು ಬಿಟ್ಟ ಕಂಪ್ಯೂಟರ್‌ಗಳಿಗೆ ಮುಂಬಯಿಯಲ್ಲಿ ಎರಡನೇ ಆಯಸ್ಸು ಸಿಗುವುದು ಲ್ಯಾಮಿಂಗ್ಟನ್ ರೋಡಿನಂಥ ಜಾಗಗಳಲ್ಲಿ. ಅಲ್ಲಿಂದ ಅವು ಡೊಂಬಿವಲಿಯ ಟ್ಯೂಷನ್ ಕ್ಲಾಸಿಗೋ, ಮಾಟುಂಗಾದ ಹೋಟೆಲ್ ಗಲ್ಲಾಕ್ಕೋ, ಯಾವುದೋ ಕನ್ನಡ ಸಂಘದ ಆಫೀಸಿಗೋ ಹೋಗಿ ಮತ್ತೆ ದುಡಿಯುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಟಿಪಿಎಂ 2.0 ಚಿಪ್ ಕೇಳುತ್ತದೆ. ಎಷ್ಟೋ ಹಳೆ ಯಂತ್ರಗಳಲ್ಲಿ ಇರುವುದು ಅದರ ಹಿಂದಿನ ಆವೃತ್ತಿ, 1.2. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿಕೊಳ್ಳುವುದೇ ಸುಲಭದ ದಾರಿ. ಆದರೆ ಆ 1.2 ಚಿಪ್ ಲಿನಕ್ಸಿನಲ್ಲೂ ಒಂದು ತಕರಾರು ಎಬ್ಬಿಸಿತ್ತು.

ಟಿಪಿಎಂ ಅಂದರೆ ಬೀಗದ ಕೈಗಳನ್ನು ತನ್ನೊಳಗೇ ಇಟ್ಟುಕೊಳ್ಳುವ ಪುಟ್ಟ ಚಿಪ್. ಡಿಸ್ಕಿನ ಗೂಢಲಿಪಿಯ ಕೀಲಿ ಕಾಯುವುದು ಅದರ ಒಂದು ಕೆಲಸ. ಯಂತ್ರ ಶುರುವಾಗುವಾಗ ಏನೇನು ಓಡಿತು ಎಂದು ಗುರುತು ಹಾಕಿಕೊಳ್ಳುವುದು ಇನ್ನೊಂದು. ಪ್ರತಿ ಫೈಲಿನ ಬೆರಳಚ್ಚನ್ನೂ ಹೀಗೆ ದಾಖಲಿಸುವ ಸೌಲಭ್ಯ ಲಿನಕ್ಸಿನಲ್ಲಿದೆ. ಅದನ್ನು ಚಾಲೂ ಮಾಡಿದರೆ ಚಿಪ್‌ಗೆ ಸಾವಿರಗಟ್ಟಲೆ ಆದೇಶ ಹೋಗುತ್ತವೆ. 1.2ರಲ್ಲಿ ಇಂಥ ಒಂದು ಆದೇಶಕ್ಕೆ 34 ಬೈಟ್ ಬೇಕು. ಕೆಲವು ಚಿಪ್‌ಗಳು ಒಂದು ಸಲಕ್ಕೆ 8 ಬೈಟ್ ಮಾತ್ರ ತೆಗೆದುಕೊಳ್ಳುತ್ತವೆ. ಅಂದರೆ ಒಂದೇ ಆದೇಶಕ್ಕೆ ಐದು ತುತ್ತು, ನಡುನಡುವೆ ಕಾಯುವಿಕೆ.

ಕಾಯುವುದು ಹೇಗೆ? ಹೋಟೆಲಿನಲ್ಲಿ ಮಾಣಿ ಒಳಗೆ ಇಣುಕಿ "ಭಟ್ರೇ, ದೋಸೆ ಆಯ್ತಾ?" ಅಂತ ಕೇಳುವ ಹಾಗೆ, ಡ್ರೈವರ್ ಎಂಬ ತಂತ್ರಾಂಶ ಚಿಪ್ಪನ್ನು ಕೇಳುತ್ತದೆ. ಆಗಿಲ್ಲ ಅಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತದೆ. ಮುಗಿದಾಗ ಚಿಪ್ಪೇ ಕರೆಯುವ ಇಂಟರಪ್ಟ್ ಎಂಬ ಏರ್ಪಾಡೂ ಇದೆ. ಅದನ್ನು 2023ರಲ್ಲಿ ಎಲ್ಲರಿಗೂ ಚಾಲೂ ಮಾಡಿ ನೋಡಿದರು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕರೆ ನಿಲ್ಲಲೇ ಇಲ್ಲ. ಅದೇ ವರ್ಷ ಮತ್ತೆ ಬಂದ್ ಮಾಡಿದರು.

ಹಾಗಾದರೆ ಎಷ್ಟು ಹೊತ್ತಿಗೊಮ್ಮೆ ಕೇಳಬೇಕು? ಮೊದಲು ಡ್ರೈವರ್‌ನಲ್ಲಿ 5 ಮಿಲಿಸೆಕೆಂಡ್ ಎಂದು ಬರೆದಿತ್ತು. ತಮಾಷೆ ಏನೆಂದರೆ, ಆಗ ಬಳಸುತ್ತಿದ್ದ ನಿದ್ದೆಯ ಆದೇಶ ಕರ್ನಲ್‌ನ, ಅಂದರೆ ಲಿನಕ್ಸಿನ ತಿರುಳಿನ, ಗಡಿಯಾರದ ಟಿಕ್ ನೋಡಿಕೊಂಡು ಏಳುತ್ತಿತ್ತು. 5 ಅಂದರೂ ಕೆಲವೊಮ್ಮೆ 20ರ ತನಕ ಎಳೆಯುತ್ತಿತ್ತು. ಸುಮ್ನೆ ಹೋಗುವ ಸಮಯ ಅಲ್ವಾ? 2017–18ರಲ್ಲಿ ಎಂಜಿನಿಯರ್‌ಗಳು ಇದನ್ನು ಹಂತಹಂತವಾಗಿ ಕತ್ತರಿಸಿದರು. ನಿಖರವಾದ ಟೈಮರ್ ಬಂತು. ಕಾಯುವ ಅವಧಿ 100ರಿಂದ 500 ಮೈಕ್ರೊಸೆಕೆಂಡಿಗೆ ಇಳಿಯಿತು. 8 ಬೈಟಿನ ತುತ್ತು ತಿನ್ನುವ ಒಂದು ಚಿಪ್‌ನಲ್ಲಿ ಸಾವಿರ ದಾಖಲೆಗೆ ಸುಮಾರು 14 ಸೆಕೆಂಡ್ ಹಿಡಿಯುತ್ತಿದ್ದದ್ದು ಸುಮಾರು 7ಕ್ಕೆ ಬಂತು. ಇದು ಹಳೆ ಚಿಪ್‌ನ ಮೇಲೇ ಬಂದ ಲಾಭ. ಹಾಗಾಗಿ ಹಳೆಯದನ್ನು ಮರೆತು ಹೊಸದಕ್ಕೆ ಓಡಿದರು ಎಂದು ದೂರುವುದು ತಪ್ಪು.

ಪೆಟ್ಟು ಬಿದ್ದದ್ದು ಬೇರೆ ಕಡೆ. ಆಟ್ಮೆಲ್ ಕಂಪನಿಯ ಕೆಲವು 1.2 ಚಿಪ್‌ಗಳು ಇಷ್ಟು ಬೇಗ ಬೇಗ ಕೇಳಿದರೆ ಕುಸಿಯುತ್ತಿದ್ದವು. ಕೀಲಿಯಿಂದ ಏನನ್ನಾದರೂ ಮುಚ್ಚಿಡಲು ಹೋದರೆ ಕೆಲಸ ಅರ್ಧಕ್ಕೆ ನಿಂತು, ಲಾಗ್‌ನಲ್ಲಿ ಮೈನಸ್ 62 ಎಂಬ ದೋಷ ಬರುತ್ತಿತ್ತು. ಸಮಯ ಮೀರಿತು ಎಂದು ಅದರ ಅರ್ಥ. ಹಳೆ ಕೋಡಿನ ಸೋಮಾರಿತನವೇ ಅಷ್ಟು ವರ್ಷ ಆ ಚಿಪ್‌ಗಳನ್ನು ಕಾಪಾಡಿತ್ತು.

ತೊಂದರೆ ಶುರುವಾದದ್ದು 2017ರ ನವೆಂಬರಿನ 4.14 ಕರ್ನಲ್‌ನಿಂದ. ಪರಿಹಾರ ಬಂದದ್ದು 2021ರಲ್ಲಿ. ನಾಲ್ಕು ವರ್ಷ ಯಾಕೆ? ನನಗೆ ತೋರುವ ಕಾರಣ ಇಷ್ಟೇ: ಹಳೆ ಯಂತ್ರ ಇರುವವರು ದೂರು ಬರೆಯುವವರಲ್ಲ. ಗಲ್ಲಾದ ಕಂಪ್ಯೂಟರ್ ಕೈಕೊಟ್ಟರೆ ನಾವು ಅಂಗಡಿಯವನನ್ನು ಬೈಯುತ್ತೇವೆ, ಇಲ್ಲವೇ ಯಂತ್ರ ಶುರುವಾಗುವಾಗ ಸಿಗುವ ಬಿಐಒಎಸ್ ಸೆಟ್ಟಿಂಗ್‌ಗೆ ಹೋಗಿ ಟಿಪಿಎಂ ಅನ್ನೇ ಬಂದ್ ಮಾಡುತ್ತೇವೆ. ಡ್ರೈವರ್ ಬರೆದವರ ತನಕ ಸುದ್ದಿ ಹೋಗುವುದೇ ಇಲ್ಲ.

ಪರಿಹಾರ ನನಗೆ ಬಹಳ ಹಿಡಿಸಿತು. ಎಲ್ಲರನ್ನೂ ಹಳೆ ನಿಧಾನಕ್ಕೆ ಎಳೆಯಲಿಲ್ಲ. ಪ್ರತಿ ಟಿಪಿಎಂ ಚಿಪ್‌ನಲ್ಲೂ ತಯಾರಕರ ಗುರುತಿನ ಸಂಖ್ಯೆ ಇರುತ್ತದೆ. ಡ್ರೈವರ್ ಅದನ್ನು ಓದುತ್ತದೆ. ಆಟ್ಮೆಲ್ ಆಗಿದ್ದು 1.2 ಆಗಿದ್ದರೆ ಮಾತ್ರ 14.7ರಿಂದ 15 ಮಿಲಿಸೆಕೆಂಡ್ ಬಿಟ್ಟು ಕೇಳುತ್ತದೆ. ಉಳಿದವರಿಗೆ ಅದೇ ವೇಗ. ಇಂಥ ವಿನಾಯಿತಿಗಳು ಜಾಸ್ತಿಯಾದರೆ ಕೋಡು ಗೋಜಲಾಗುತ್ತದೆ ಎಂಬ ಗೊಣಗಾಟ ಇದ್ದದ್ದೇ. ಈ ವಿಷಯದಲ್ಲಿ ನಾನಂತೂ ಗೋಜಲಿನ ಪಕ್ಷ.

ಎಲ್ಲ ಸಲವೂ ಹೀಗೆ ಸೂಜಿಯಿಂದ ಹೊಲಿಯಬೇಕಿಲ್ಲ. 2023ರಲ್ಲಿ ಎಎಂಡಿ ಪ್ರೊಸೆಸರಿನೊಳಗಿನ ಟಿಪಿಎಂನಿಂದ ಯಾದೃಚ್ಛಿಕ ಸಂಖ್ಯೆ ಕೇಳಿದಾಗಲೆಲ್ಲ ಕೆಲವು ಯಂತ್ರಗಳು ತಡವರಿಸುತ್ತಿದ್ದವು. ಅಲ್ಲಿ ಕೊನೆಗೆ ಎಎಂಡಿಯ ಆ ಸಾಲಿನ ಟಿಪಿಎಂಗಳಿಂದ ಸಂಖ್ಯೆ ಕೇಳುವುದನ್ನೇ ನಿಲ್ಲಿಸಿದರು. ಪ್ರೊಸೆಸರಿನಲ್ಲೇ ಸಂಖ್ಯೆ ಕೊಡುವ ಬೇರೆ ಆದೇಶ ಇದ್ದದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. ಆಟ್ಮೆಲ್ ಚಿಪ್‌ನೊಳಗೆ ಸಿಕ್ಕಿಕೊಂಡ ಕೀಲಿಗೆ ಅಂಥ ಬದಲಿ ಇಲ್ಲ.

"ಹಳೆ ಯಂತ್ರಕ್ಕೆ ಹಳೆ ಲಿನಕ್ಸೇ ಸರಿ" ಎನ್ನುವ ಮಾತನ್ನು ಅಂಗಡಿಗಳಲ್ಲಿ ಕೇಳಿರುತ್ತೀರಿ. ಈ ಚಿಪ್ ಇದ್ದರೆ ಅದನ್ನು ನಂಬಬೇಡಿ. ತಿದ್ದುಪಡಿ ಇಲ್ಲದ 4.14ಕ್ಕಿಂತ, 2021ರ ಆ ಪರಿಹಾರ ಸೇರಿರುವ ಇತ್ತೀಚಿನ ಕರ್ನಲ್ ಹಾಕುವುದೇ ವಾಸಿ.