ಪದ ಪರಿಚಯ: ಪದಾರ್ಥ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಊಟದ ಹೊತ್ತಿಗೆ ‘ಇವತ್ತು ಪದಾರ್ಥ ಏನು?’ ಎಂದು ಕೇಳಿದರೆ ಬಸಳೆಯೋ ಸೌತೆಕಾಯಿಯೋ ಎಂಬ ಉತ್ತರ ಬರುತ್ತದೆ. ಅನ್ನಕ್ಕೆ ಕಲಸಿಕೊಳ್ಳುವುದೇ ನಮಗೆ ಪದಾರ್ಥ. ತರ್ಕಶಾಸ್ತ್ರದಲ್ಲಿ ಈ ಪದದ ಹರವು ದೊಡ್ಡದು: ಪದವೊಂದು ಸೂಚಿಸುವ ಯಾವುದೂ ಪದಾರ್ಥವೇ. ಇರುವುದೆಲ್ಲ ಸೇರಿಕೊಳ್ಳುವ ಮೂಲ ಬಗೆಗಳಿಗೂ ಇದೇ ಹೆಸರು.

ವೈಶೇಷಿಕರು, ಅಂದರೆ ಕಣಾದರ ದರ್ಶನವನ್ನು ಅನುಸರಿಸುವವರು, ಎಣಿಸಿದ್ದು ಆರು: ದ್ರವ್ಯ (ವಸ್ತು), ಗುಣ, ಕರ್ಮ (ಚಲನೆ), ಸಾಮಾನ್ಯ (ಹಲವಕ್ಕೆ ಸಮಾನವಾದ ಜಾತಿ), ವಿಶೇಷ (ಒಂದನ್ನು ಇನ್ನೊಂದರಿಂದ ಬೇರೆಮಾಡುವುದು), ಸಮವಾಯ (ಬಿಡಿಸಲಾಗದ ಸಂಬಂಧ). ಏಳನೆಯದಾಗಿ ‘ಅಭಾವ’, ಅಂದರೆ ಇಲ್ಲದಿರುವಿಕೆ, ಆಮೇಲೆ ಸೇರಿತು. ಹೀಗೆ ಒಂದನ್ನು ಸೇರಿಸುವುದು ಸಣ್ಣ ಮಾತಲ್ಲ.

ಕಾಸರಗೋಡಿನ ಬಾಯಾರಿನ ಕಡೆ ನೀರಿಗಾಗಿ ತೋಡುವ ಸುರಂಗವನ್ನೇ ನೋಡೋಣ. ಮುರಕಲ್ಲಿನ ಗುಡ್ಡದೊಳಕ್ಕೆ, ಆಳೊಬ್ಬ ಹೊಕ್ಕು ಕೆಲಸ ಮಾಡುವಷ್ಟೇ ಅಗಲಕ್ಕೆ, ಪಿಕ್ಕಾಸಿನಿಂದ ಕೊರೆಯುತ್ತಾ ಹೋಗುತ್ತಾರೆ. ಒಸರು ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ. ಆದರೆ ಸುರಂಗವೆಂದರೆ ಯಾವುದು? ಕಲ್ಲಲ್ಲ, ಕಲ್ಲು ತೆಗೆದ ಜಾಗ. ಇದಕ್ಕೊಂದು ಹೊಸ ಪದಾರ್ಥ ಬೇಕಲ್ಲವೇ? ವೈಶೇಷಿಕದ ಲೆಕ್ಕದಲ್ಲಿ ಬೇಡ. ಗಡಿಗೆಯೊಳಗಿನದು ಘಟಾಕಾಶವಾದಂತೆ ಇದು ಕಲ್ಲಿನ ಗೋಡೆಗಳ ನಡುವಿನ ಆಕಾಶ. ಆಕಾಶ ದ್ರವ್ಯಗಳಲ್ಲೇ ಒಂದು. ಇದ್ದುದರಲ್ಲೇ ಹೊಂದಿಸುವುದಕ್ಕೆ ತಾರ್ಕಿಕರು ‘ಲಾಘವ’ ಎನ್ನುತ್ತಾರೆ. ಬೇಡದ್ದನ್ನು ಹೇರಿದರೆ ‘ಗೌರವ’ ದೋಷ. ಗೌರವಕ್ಕೆ ಇಲ್ಲಿ ಭಾರವೆಂಬ ಮೂಲಾರ್ಥವೇ ಉಳಿದಿರುವುದು ನನಗೆ ಬಹಳ ಇಷ್ಟ.

ಏಪ್ರಿಲ್‌ನಲ್ಲಿ ಅದೇ ಸುರಂಗದೊಳಗೆ ಹೋಗಿ ಬಂದವರು ‘ನೀರಿಲ್ಲ’ ಎನ್ನುತ್ತಾರೆ. ಅದು ನಿಜವಾದ ಅರಿವು. ಅವರು ಅರಿತದ್ದು ಏನನ್ನು? ನೀರನ್ನಲ್ಲ. ಬರಿಯ ನೆಲವನ್ನೆನ್ನೋಣವೆಂದರೆ, ನೀರಿದ್ದಾಗಲೂ ನೆಲ ಇತ್ತು. ಆರರಲ್ಲಿ ಎಲ್ಲಿಯೂ ಇದು ಕೂರುವುದಿಲ್ಲ. ಆದ್ದರಿಂದಲೇ ಅಭಾವಕ್ಕೆ ಪ್ರತ್ಯೇಕ ಸ್ಥಾನ. ಅದರಲ್ಲೂ ಒಳಭೇದಗಳಿವೆ: ಮಾಡುವ ಮೊದಲು ಮಣ್ಣಿನಲ್ಲಿದ್ದದ್ದು ಗಡಿಗೆಯ ಪ್ರಾಗಭಾವ, ಒಡೆದ ಮೇಲಿನದು ಪ್ರಧ್ವಂಸಾಭಾವ.

ಕಾಸರಗೋಡಿನ ಕಡೆಯವರಾದ ತ್ರಿವಿಕ್ರಮ ಪಂಡಿತಾಚಾರ್ಯರು ವಾದದಲ್ಲಿ ಸೋತು ಮಧ್ವಾಚಾರ್ಯರ ಶಿಷ್ಯರಾದರು. ಆ ದ್ವೈತ ಪರಂಪರೆ ಏಳರಲ್ಲಿ ಸಮವಾಯವನ್ನು ಕೈಬಿಟ್ಟು, ವಿಶಿಷ್ಟ (ವಿಶೇಷಣದೊಡನೆ ಕೂಡಿದ್ದು), ಅಂಶಿ (ಭಾಗಗಳುಳ್ಳ ಇಡೀ ವಸ್ತು), ಶಕ್ತಿ, ಸಾದೃಶ್ಯ (ಹೋಲಿಕೆ) ಇವನ್ನು ಸೇರಿಸಿ ಹತ್ತು ಪದಾರ್ಥಗಳನ್ನು ಎಣಿಸುತ್ತದೆ.

ಕಂಪ್ಯೂಟರ್ ಮಾಹಿತಿಯನ್ನು ಅಳವಡಿಸುವವರು ‘ಆಂಟಾಲಜಿ’ ಎನ್ನುವುದೂ ಇಂಥದೇ ಪಟ್ಟಿಯನ್ನು. 2021ರಲ್ಲಿ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡವಾದ ‘ಬೇಸಿಕ್ ಫಾರ್ಮಲ್ ಆಂಟಾಲಜಿ’ ಬೇಕೆಂದೇ ಚಿಕ್ಕದಾಗಿದೆ. ಉಳಿದುಕೊಂಡು ಬರುವುದು, ನಡೆಯುತ್ತಾ ಹೋಗುವುದು ಎಂಬ ಎರಡು ಕವಲುಗಳಿಂದ ಅದು ಹೊರಡುತ್ತದೆ. ಅಲ್ಲಿ ಗುಹೆ, ಪೊಟರೆಗಳಿಗೆ ‘ಸೈಟ್’ ಎಂಬ ಬಗೆಯೇ ಇದೆ. ಸುರಂಗ ನೇರವಾಗಿ ಅದರೊಳಗೆ ಸೇರುತ್ತದೆ. ಅಭಾವಕ್ಕೆ ಮಾತ್ರ ಬಗೆಯಿಲ್ಲ. ‘ಸುರಂಗದಲ್ಲಿ ನೀರಿಲ್ಲ’ ಎಂಬುದನ್ನು ಅಲ್ಲಿ ಸುರಂಗಕ್ಕೂ ನೀರಿಗೂ ಇರಬೇಕಾದ ಸಂಬಂಧವನ್ನು ಅಲ್ಲಗಳೆದೇ ಹೇಳಬೇಕು.